ಕಬ್ಬು-ಭತ್ತದ ಮಳವಳ್ಳಿಯಲ್ಲಿ ಬಂಡೂರು ಕುರಿ ಹೇಗೆ ಬಂತು? ಕೊಳ್ಳುವಾಗ ಏನು ನೋಡಬೇಕು?

ಕುರಿ ಮೊದಲಿಂದಲೂ ಇಲ್ಲೇ ಇತ್ತು, ನಾಲೆ ಬಂದದ್ದು ಆಮೇಲೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ ಈ ಕಡೆ ಹರಿಯುವ ಮುಂಚೆ, ಕೆರೆ ಬಯಲಿನ ಗದ್ದೆ ಬಿಟ್ಟರೆ ಮಿಕ್ಕಿದ್ದೆಲ್ಲ ರಾಗಿ, ಹುರುಳಿಯ ಬೆದ್ದಲು. ಕೆಂಪು ಮಣ್ಣು, ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಗಿಡ್ಡ ಹುಲ್ಲು. ಗಿಡ್ಡ ಕಾಲಿನ ಈ ಕುರಿಗೆ ಅದೇ ಸಾಕು. ನಾಲೆ ಹತ್ತದ ದಿಣ್ಣೆ ಹೊಲಗಳಲ್ಲಿ ಈಗಲೂ ಮಂದೆ ಸಿಗುತ್ತದೆ.

ಬಂಡೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಬನ್ನೂರು ತಿ. ನರಸೀಪುರ ತಾಲ್ಲೂಕಿನಲ್ಲಿ. ಎರಡು ಕಡೆಯದೂ ಒಂದೇ ತಳಿ, ದಾಖಲೆಯಲ್ಲಿ ‘ಮಂಡ್ಯ’ ಕುರಿ. ಮೇವಿನ ಜಾಗ ಗದ್ದೆಯಾದ ಮೇಲೂ ತಳಿ ಉಳಿದಿದ್ದರೆ ಅದು ಹೆಂಗಸರ ದುಡಿಮೆ. ಟಗರು ಮರಿಯನ್ನು ಮನೆ ಮುಂದೆ ಕಟ್ಟಿ, ಸೊಪ್ಪು, ಕಾಳು ಉಂಡೆ ಮಾಡಿ ಕೈಯಾರೆ ಬಾಯಿಗಿಟ್ಟು ಬಕ್ರೀದ್ ಹೊತ್ತಿಗೆ ಕೊಬ್ಬಿಸುತ್ತಾರೆ. ಈ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಕೊಳ್ಳುವಾಗ ಮೊದಲು ಕುರಿಯ ಹಿಂದೆ ನಿಂತು ನೋಡಿ. ಹಿಂಗಾಲುಗಳ ನಡುವೆ ತಲೆಕೆಳಗಾದ ‘ಯು’ ಆಕಾರ ಅಗಲವಾಗಿ ಕಾಣಬೇಕು. ಮೈ ಬಿಳಿ, ಮುಖ ತಿಳಿ ಕಂದು. ಆ ಬಣ್ಣ ಕೆಲವದರಲ್ಲಿ ಕುತ್ತಿಗೆವರೆಗೂ ಇಳಿದಿರುತ್ತದೆ. ಕಿವಿ ಎಲೆಯಂತೆ ಉದ್ದ, ಜೋಲು. ಟಗರಿಗೂ ಕೊಂಬಿಲ್ಲ. ಬೆಳೆದ ಟಗರು ಸುಮಾರು 35 ಕೆ.ಜಿ. ತೂಗುತ್ತದೆ, ಉದ್ದ ಕಾಲಿನ, ಐವತ್ತು ದಾಟಿದ ಟಗರು ತೋರಿಸಿದರೆ ಮಿಶ್ರತಳಿ ಎಂದೇ ಅನುಮಾನಿಸಿ. ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ಅವಳಿ ಗ್ಯಾರಂಟಿ ಎನ್ನುವವರನ್ನು ನಂಬಬೇಡಿ. ಧನಗೂರಿನ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ, ಆಮೇಲೆ ಸಂತೆಗೆ ಹೋಗಿ.

ತಂದ ಮೇಲೆ ಕೆಡುವುದು ಎರಡು ಕಡೆ. ಬೇಗ ಕೊಬ್ಬಿಸುವ ಆಸೆಗೆ ಮೊದಲ ದಿನವೇ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ, ಉಬ್ಬರಿಸಿ ಸಾಯುತ್ತದೆ. ದಿನಕ್ಕೆ 50 ಗ್ರಾಂನಿಂದ ಶುರುಮಾಡಿ, ಎರಡು ವಾರ ಹಿಡಿಸಿ ಏರಿಸಿ. ಕರುಳುಬೇನೆ ಲಸಿಕೆ ಮುಂಗಾರಿಗೆ ಮುಂಚೆಯೇ ಆಗಿರಲಿ.

ಇನ್ನೊಂದು, ನಾಲೆ ಅಂಚಿನ ಹಸಿರು. ಜೌಗಿನಲ್ಲಿ ಬಸವನಹುಳು ಇರುತ್ತದೆ, ಅದರಿಂದ ಯಕೃತ್ತಿನ ಹುಳು ಹುಲ್ಲಿಗೆ ಹತ್ತುತ್ತದೆ. ಕುರಿ ಸೊರಗಿ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿದರೆ ಹಿಕ್ಕೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಔಷಧಿಯನ್ನೇ ಕುಡಿಸಿ. ಮೇಯಲು ದಿಣ್ಣೆಯ ಒಣ ನೆಲದ ಹುಲ್ಲಿಗೇ ಬಿಡಿ.