ನಿಮ್ಮ ಶಾಸಕ ಯಾರನ್ನೂ ಕೇಳಿಕೊಳ್ಳುವುದೇ ಇಲ್ಲ

ನಮಸ್ಕಾರ.

ನೀವು ಕಳಿಸಿದ ಕತೆಯನ್ನು ಎರಡು ಸಲ ಓದಿದೆವು. ಹಳ್ಳಿಗಾಡಿನ ಕ್ಷೇತ್ರವೊಂದರ ಶಾಸಕನ ಒಂದು ದಿನ, ಬೆಳಗಿನ ಕಾಫಿಯಿಂದ ರಾತ್ರಿ ಫಾರ್ಮ್‌ಹೌಸಿನ ತನಕ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆಯ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ಆ ಮನುಷ್ಯನಲ್ಲೇ. ಇಡೀ ದಿನ ಆತ ಅಪ್ಪಣೆ ಕೊಡುತ್ತಲೇ ಇರುತ್ತಾನೆ. ಒಂದು ಫೋನಿಗೆ ತಹಶೀಲ್ದಾರ್ ಎತ್ತಂಗಡಿ, ಇನ್ನೊಂದು ಫೋನಿಗೆ ರಸ್ತೆ. ಅಂಥ ಶಾಸಕರು ಸಿನಿಮಾದಲ್ಲಿ ಬೇಕಾದಷ್ಟಿದ್ದಾರೆ. ನಿಜವಾದ ಶಾಸಕನ ದಿನದ ಬಹುಪಾಲು ಇನ್ನೊಬ್ಬರನ್ನು ಕೇಳಿಕೊಳ್ಳುವುದರಲ್ಲೇ ಕಳೆಯುತ್ತದೆ.

ಮೊದಲು ವರ್ಗಾವಣೆ. ತಹಶೀಲ್ದಾರರ ವರ್ಗಾವಣೆ ಆದೇಶ ಹೊರಡುವುದು ಬೆಂಗಳೂರಿನ ಕಂದಾಯ ಇಲಾಖೆಯಿಂದ. ಶಾಸಕ ಕೊಡಬಲ್ಲದ್ದು ತನ್ನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ. ಅದನ್ನು ಹಿಡಿದು ವಿಧಾನಸೌಧದಲ್ಲಿ ಸಚಿವರ ಕೊಠಡಿ ಮುಂದೆ ಅವನೂ ಕಾಯಬೇಕು. ಆದೇಶ ಆಯಿತೆನ್ನಿ, ಆ ಅಧಿಕಾರಿ ಸರ್ಕಾರಿ ನೌಕರರ ತಕರಾರು ಕೇಳುವ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಿ ತಡೆಯಾಜ್ಞೆ ತಂದರೆ? ಸರ್ಕಾರಿ ಜಮೀನು ಉಳುತ್ತಿರುವವರ ಸಕ್ರಮದ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೆ ಶಾಸಕ ಅಧ್ಯಕ್ಷ, ತಹಶೀಲ್ದಾರ್ ಸದಸ್ಯ ಕಾರ್ಯದರ್ಶಿ. ತೆಗೆಯಲು ಹೊರಟವನೂ ಹೋಗದೆ ಉಳಿದವನೂ ಒಂದೇ ಮೇಜಿಗೆ ಕೂತು ಫಾರಂ 57ರ ಅರ್ಜಿಗಳನ್ನು ಒಂದೊಂದಾಗಿ ನೋಡಬೇಕು. ಕಡತ ಓದುವವರು ಒಬ್ಬರು, ನಡಾವಳಿಗೆ ಸಹಿ ಹಾಕಬೇಕಾದವರು ಇಬ್ಬರೂ. ನಿಮ್ಮ ಹದಿನಾಲ್ಕು ಪುಟಗಳಲ್ಲಿ ಇಷ್ಟು ಬಿಗಿಯಾದ ಸನ್ನಿವೇಶ ಒಂದೂ ಇಲ್ಲ.

ಇನ್ನು ದುಡ್ಡು. ‘ತನ್ನ ಅನುದಾನದ ಚೀಲ ಬಿಚ್ಚಿ ರಸ್ತೆಗೆ ಹಣ ಕೊಟ್ಟ’ ಎಂದು ಬರೆದಿದ್ದೀರಿ. ಆ ಚೀಲ ಅವನ ಕೈಯಲ್ಲಿರುವುದಿಲ್ಲ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಅದು ಇರುವುದು ಜಿಲ್ಲಾಧಿಕಾರಿಯ ಬಳಿ. ಶಾಸಕ ಕಾಮಗಾರಿ ಸೂಚಿಸಿ ಪತ್ರ ಬರೆಯುತ್ತಾನೆ, ಅಂದಾಜು ಪಟ್ಟಿ ಆಗುತ್ತದೆ, ಆಡಳಿತಾತ್ಮಕ ಮಂಜೂರಾತಿ ಸಿಗುತ್ತದೆ, ಆಮೇಲೆ ನಿರ್ಮಿತಿ ಕೇಂದ್ರವೋ ಇನ್ನಾವುದೋ ಸಂಸ್ಥೆಯೋ ಕೆಲಸ ಮಾಡುತ್ತದೆ. ಕ್ಷೇತ್ರದಲ್ಲಿ ಇನ್ನೂರು ಹಳ್ಳಿ ಇವೆ ಎಂದುಕೊಳ್ಳಿ, ತಲಾ ಒಂದು ಲಕ್ಷ ಬಂತು. ಒಂದು ಲಕ್ಷಕ್ಕೆ ಸಿಸಿ ರಸ್ತೆ ಎಷ್ಟು ದೂರ ಹೋಗುತ್ತದೆ ಎಂದು ನಿಮ್ಮೂರಿನ ಗುತ್ತಿಗೆದಾರರನ್ನು ಕೇಳಿ ನೋಡಿ. ನಗುತ್ತಾರೆ.

ನಾಲ್ಕನೇ ಪುಟದಲ್ಲಿ ರೈತರು ಮನೆ ಮುಂದೆ ನಿಂತಿದ್ದಾರೆ, ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಗಿದೆ. ಶಾಸಕ ಗದರುತ್ತಾನೆ, ಮಧ್ಯಾಹ್ನದೊಳಗೆ ಹೊಸ ಟಿಸಿ ಬರುತ್ತದೆ. ಕತೆ ನಿಜವಾಗಿ ಇರುವುದು ಇಲ್ಲೇ, ನೀವು ಆರು ಸಾಲಿಗೆ ಮುಗಿಸಿಬಿಟ್ಟಿದ್ದೀರಿ. 25 ಕೆವಿಎ ಟಿಸಿ 5 ಎಚ್‌ಪಿಯ ನಾಲ್ಕೈದು ಪಂಪ್‌ಸೆಟ್ ಎಳೆಯಬಲ್ಲದು. ಅದಕ್ಕೆ ಎಂಟೋ ಹತ್ತೋ ಸೇರಿರುತ್ತವೆ, ಕೆಲವು ಅಕ್ರಮ. ತ್ರೀ ಫೇಸ್ ಬಂದ ಕೂಡಲೇ ಎಲ್ಲ ಮೋಟಾರೂ ಒಟ್ಟಿಗೆ ಶುರುವಾಗುತ್ತವೆ, ಟಿಸಿ ಸುಡುತ್ತದೆ. ಬೇಸಿಗೆಯಲ್ಲಿ ದುರಸ್ತಿ ಕೇಂದ್ರದಲ್ಲಿ ಸರದಿ ಇರುತ್ತದೆ. ಶಾಸಕ ವಿದ್ಯುತ್ ಕಂಪನಿಯ ಎಂಜಿನಿಯರ್ ಎಇಇಗೆ ಫೋನ್ ಮಾಡಿ ಈ ಊರಿನದನ್ನು ಮೊದಲು ಕೊಡಿಸಿದ ಎಂದರೆ, ಮುಂದಿದ್ದ ಇನ್ನೊಂದು ಊರು ಹಿಂದೆ ಬಿತ್ತು. ಅದೂ ಅವನದೇ ಕ್ಷೇತ್ರ, ಅಲ್ಲೂ ಅವನ ಮತಗಟ್ಟೆಗಳಿವೆ. ‘ಅಕ್ರಮ ಸಂಪರ್ಕ ತೆಗೀರಿ, ಆಮೇಲೆ ಟಿಸಿ’ ಎಂದು ಎಇಇ ಹೇಳಿದರೆ ಅದು ಸರಿಯಾದ ಮಾತೇ. ಆದರೆ ಆ ಮಾತನ್ನು ಬಾಗಿಲಲ್ಲಿ ನಿಂತವರಿಗೆ ಶಾಸಕ ಹೇಳಲಾರ. ಫೋನನ್ನು ಎದೆಗೊತ್ತಿ ಹಿಡಿದು, ‘ಆಗ್ಲಿ, ಮಾತಾಡಿದ್ದೀನಿ, ಹೋಗ್ರಪ್ಪ’ ಅನ್ನುತ್ತಾನೆ. ಆ ಅರೆಸುಳ್ಳಿನ ಜೊತೆ ಅವನು ಇಡೀ ದಿನ ಓಡಾಡಲಿ. ಸಂಜೆ ಮದುವೆ ಮನೆಯಲ್ಲಿ ಅದೇ ಊರಿನವರು ಎದುರಾಗಲಿ.

ಶಿಫಾರಸು ಪತ್ರದ ಬಗ್ಗೆಯೂ ಒಂದು ಮಾತು. ಮುಖ್ಯಮಂತ್ರಿ ಪರಿಹಾರ ನಿಧಿಗೆ, ವಸತಿ ಶಾಲೆಯ ಸೀಟಿಗೆ, ಆಸ್ಪತ್ರೆಯ ಬೆಡ್ಡಿಗೆ, ಕೇಳಿದವರಿಗೆಲ್ಲ ಪತ್ರ ಸಿಗುತ್ತದೆ, ಯಾಕೆಂದರೆ ಇಲ್ಲ ಎನ್ನುವುದಕ್ಕಿಂತ ಸಹಿ ಹಾಕುವುದು ಸುಲಭ. ಪತ್ರದ ಹಿಂದೆಯೇ ಪಿಎ ಫೋನ್ ಮಾಡಿದರೆ ಅದು ತೂಕದ ಪತ್ರ. ಫೋನ್ ಬರದಿದ್ದರೆ ಅಧಿಕಾರಿಗೂ ಗೊತ್ತು, ಇದು ಬರಿ ಮರ್ಯಾದೆಗೆ ಕೊಟ್ಟದ್ದು ಎಂದು. ಗೊತ್ತಿಲ್ಲದಿರುವುದು ಪತ್ರ ಹಿಡಿದು ಬಸ್ ಹತ್ತಿದವನಿಗೆ ಮಾತ್ರ. ನಿಮ್ಮ ಪಿಎ ಬರೀ ಚೀಲ ಹೊರುತ್ತಾನೆ, ಈ ಕೆಲಸ ಅವನಿಗೆ ಕೊಡಿ.

ಗುದ್ದಲಿ ಪೂಜೆಯ ದೃಶ್ಯ ಉದ್ದವಾಯಿತು. ಹಾರ, ತೆಂಗಿನಕಾಯಿ, ಫೋಟೊ, ಇಷ್ಟು ಎಲ್ಲರೂ ನೋಡಿದ್ದಾರೆ. ಜಗಳ ನಡೆಯುವುದು ಅದಕ್ಕೂ ಹಿಂದಿನ ದಿನ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವಾಗ. ಉದ್ಘಾಟನೆ ಉಸ್ತುವಾರಿ ಸಚಿವರದು, ಅಧ್ಯಕ್ಷತೆ ಶಾಸಕನದು, ನಂತರ ಸಂಸದರು, ವಿಧಾನ ಪರಿಷತ್ ಸದಸ್ಯರು. ಹೆಸರು ಬಿಟ್ಟುಹೋದರೆ ಶಿಷ್ಟಾಚಾರ ಉಲ್ಲಂಘನೆ, ಸದನದಲ್ಲಿ ಹಕ್ಕುಚ್ಯುತಿಯ ಮಾತು. ಗ್ರಾನೈಟ್ ಫಲಕ ಮತ್ತೆ ಕೆತ್ತಿಸಬೇಕಾಗುತ್ತದೆ, ಖರ್ಚು ಗುತ್ತಿಗೆದಾರನ ತಲೆಗೆ.

ಸದನದ ಭಾಗದಲ್ಲಿ ತಪ್ಪುಗಳಿವೆ. ವಿಧಾನಸಭೆಯಲ್ಲಿ ‘ಮಾನ್ಯ ಸಭಾಪತಿಗಳೇ’ ಎನ್ನುವುದಿಲ್ಲ, ಸಭಾಪತಿ ಇರುವುದು ಪರಿಷತ್ತಿನಲ್ಲಿ. ಇಲ್ಲಿ ‘ಮಾನ್ಯ ಸಭಾಧ್ಯಕ್ಷರೇ’. ನಿಮ್ಮ ಶಾಸಕ ಎದ್ದು ನಿಂತ ಕ್ಷಣವೇ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಉತ್ತರಿಸಬೇಕಾದದ್ದು) ಕೇಳಿಬಿಡುತ್ತಾನೆ. ಅದನ್ನು ಮುಂಚೆಯೇ ಬರೆದು ಕೊಟ್ಟಿರಬೇಕು, ಸರದಿಯೂ ಬರಬೇಕು. ಉತ್ತರ ಅಚ್ಚಾಗಿ ಬಂದಿರುತ್ತದೆ, ಎದ್ದು ಕೇಳುವುದು ಉಪಪ್ರಶ್ನೆ. 224 ಜನರ ಸದನದಲ್ಲಿ ಅವನ ಸರದಿ ಬರುವ ಮೊದಲೇ ಧರಣಿ ಶುರುವಾಗಿ ಕಲಾಪ ಮುಂದೂಡಿದರೆ, ಕ್ಷೇತ್ರದಿಂದ ಬಂದು ಗ್ಯಾಲರಿಯಲ್ಲಿ ಕೂತವರಿಗೆ ಏನು ಹೇಳುತ್ತಾನೆ? ಅದನ್ನು ಬರೆಯಿರಿ.

ಉಳಿಸಿಕೊಳ್ಳಬೇಕಾದದ್ದು ಒಂದಿದೆ: ಒಂದೇ ದಿನ ನಾಲ್ಕು ಮದುವೆಯಲ್ಲಿ ಉಂಡ ಡ್ರೈವರ್. ಸಾಹೇಬರು ಪ್ರತಿ ಮನೆಯಲ್ಲೂ ಎಲೆಗೆ ಕೈ ತಾಗಿಸಿ ಏಳುತ್ತಾರೆ, ಏಳದಿದ್ದರೆ ಐದನೆಯದಕ್ಕೆ ಮುಹೂರ್ತ ಮೀರುತ್ತದೆ, ಕೂರದಿದ್ದರೆ ಮನೆಯವರಿಗೆ ಬೇಸರ. ಡ್ರೈವರಿಗೆ ಹೋಳಿಗೆ ಸಾಕಾಗಿದೆ, ಹಿಂದಿನ ಸೀಟಿನಲ್ಲಿ ಕೂತವನ ಹೊಟ್ಟೆ ಖಾಲಿ. ಇದನ್ನು ಬರೆದವರೇ ಆ ಫಾರ್ಮ್‌ಹೌಸ್ ದೃಶ್ಯವನ್ನೂ ಬರೆದರೆಂದು ನಂಬುವುದು ಕಷ್ಟವಾಯಿತು.

ಫಾರ್ಮ್‌ಹೌಸ್ ತೆಗೆದುಹಾಕಿ. ಬೆಳಗಿನ ಆರೂವರೆಗೆ, ಟಿಸಿಯವರು ಗೇಟಿನ ಹತ್ತಿರ ಚಪ್ಪಲಿ ಬಿಡುವಲ್ಲಿಂದ ಶುರು ಮಾಡಿ. ಎಂಟು ಪುಟ ಮೀರಬೇಡಿ. ಕೂತು ಬರೆಯುವ ಮೊದಲು ತಾಲ್ಲೂಕು ಪಂಚಾಯಿತಿಯ ಒಂದು ಕೆಡಿಪಿ ಸಭೆಯ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲಿಸುವ ಸಭೆ) ನಡಾವಳಿ ತರಿಸಿಕೊಂಡು ಓದಿ, ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ತಿದ್ದಿದ ಪ್ರತಿಯನ್ನು ನಮಗೇ ಕಳಿಸಿ.

ಸಂಪಾದಕ ಬಳಗ