ಹೊಸ್ತಿಲಾಚೆ ನಿಲ್ಲಬೇಕಾದ ಸರ್ಕಾರ

ಪ್ರಿಯ ಮೇಷ್ಟ್ರೇ,

ಶನಿವಾರಸಂತೆಯಿಂದ ನೀವು ಬರೆದ ಏಳು ಪುಟಗಳ ಪತ್ರ ಕೈಸೇರಿ ಮೂರು ವಾರವಾಯಿತು. ಕರಿಹಲಗೆಯ ಮೇಲೆ ಬರೆದಂತಹ ದುಂಡಗಿನ ಅಕ್ಷರ, ಒಂದೇ ಒಂದು ಚಿತ್ತಿಲ್ಲದ ಪುಟಗಳು. ಇಂತಹ ಪತ್ರ ಬರೆಯುವವರು ಈಗ ವಿರಳವಾಗಿದ್ದಾರೆ, ಆದ್ದರಿಂದ ಎರಡು ಸಾಲಿನ ವಂದನೆ ಹೇಳಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಉಳಿದ ಓದುಗರಿಗಾಗಿ ಪತ್ರದ ಸಾರವನ್ನು ಹೇಳಿಬಿಡುತ್ತೇನೆ. ಕೊಡಗಿನ ಹುಡುಗ ಹುಡುಗಿಯರು ಓದಿ ಬೆಂಗಳೂರು ಸೇರುತ್ತಾರೆ, ಮೂವತ್ತು ದಾಟಿದರೂ ಮದುವೆಯ ಮಾತೆತ್ತುವುದಿಲ್ಲ, ಆದವರು ಒಂದು ಮಗುವಿಗೆ ಸಾಕು ಎನ್ನುತ್ತಾರೆ, ಹತ್ತು ಜನ ಒಟ್ಟಿಗೆ ಉಣ್ಣುತ್ತಿದ್ದ ಮನೆಗಳಲ್ಲಿ ಇಬ್ಬರು ಮುದುಕರು ಟಿವಿಯ ಮುಂದೆ ಕುಳಿತಿದ್ದಾರೆ ಎಂದು ನೀವು ನೊಂದು ಬರೆದಿದ್ದೀರಿ. ಇಪ್ಪತ್ತೊಂಬತ್ತು ದಾಟಿದ ನಿಮ್ಮ ಮೊಮ್ಮಗಳು ಬಂದ ಸಂಬಂಧಗಳನ್ನೆಲ್ಲ ಬೇಡವೆನ್ನುತ್ತಿರುವುದನ್ನೂ ಮುಚ್ಚಿಟ್ಟಿಲ್ಲ. ಸರ್ಕಾರವು ಮೂರನೆಯ ಮಗುವಿಗೆ ಹಣವನ್ನೂ, ನೌಕರರಾದರೆ ಬಡ್ತಿಯನ್ನೂ ಕೊಡಬೇಕು. ಮೂವತ್ತರೊಳಗೆ ಮದುವೆಯಾಗದವರ ಸೌಲಭ್ಯಗಳನ್ನು ಕಡಿತಗೊಳಿಸಬೇಕು. ತಂದೆತಾಯಿಯರ ಸಹಿಯಿಲ್ಲದೆ ಯಾವ ಮದುವೆಯೂ ನೋಂದಣಿಯಾಗಬಾರದು ಎಂಬುದು ನಿಮ್ಮ ಬೇಡಿಕೆ. ಈ ಮೂರನ್ನೂ ಮನವಿಪತ್ರವಾಗಿ ನಮ್ಮ ಪತ್ರಿಕೆಯ ಹುತ್ತರಿ ಹಬ್ಬದ ಸಂಚಿಕೆಯಲ್ಲಿ ಅಚ್ಚುಹಾಕಿ, ಓದುಗರ ಸಹಿ ಸಂಗ್ರಹಿಸಬೇಕೆಂದು ನನ್ನನ್ನು ಕೇಳಿದ್ದೀರಿ.

ನಿಮ್ಮ ಆತಂಕ ಹುಸಿಯಲ್ಲ. 2001ರ ಜನಗಣತಿಯಲ್ಲಿ 5,48,561 ಇದ್ದ ನಮ್ಮ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 5,54,519 ಆಯಿತು. ಹತ್ತು ವರ್ಷಗಳಲ್ಲಿ ಏರಿದ್ದು ಆರು ಸಾವಿರಕ್ಕೂ ಕಡಿಮೆ. 1956ರವರೆಗೆ ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಇದ್ದ ನಾಡಿದು. ನೀವು ಮತ ಹಾಕುತ್ತಿದ್ದ ಸೋಮವಾರಪೇಟೆ ಕ್ಷೇತ್ರವೇ 2008ರಲ್ಲಿ ಇಲ್ಲವಾಗಿ, ಮೂವರು ಶಾಸಕರಿದ್ದಲ್ಲಿ ಈಗ ಇಬ್ಬರಿದ್ದಾರೆ. ತಲೆ ಎಣಿಸಿ ಅಧಿಕಾರ ಹಂಚುವ ದೇಶದಲ್ಲಿ ಕಡಿಮೆ ತಲೆಯವರಿಗೆ ಭಯವಾಗುವುದು ಸಹಜ.

ಕಾನೂನು ಮದುವೆಯ ವಿಷಯದಲ್ಲಿ ಬಾಯಿ ಹಾಕಲೇಬಾರದೆಂದೂ ನಾನು ಹೇಳುವುದಿಲ್ಲ. ನೆರೆಯ ಮೈಸೂರು ಸಂಸ್ಥಾನ 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ತಡೆಯಿತು. 1929ರಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂತು, 1978ರಲ್ಲಿ ಮದುವೆಯ ವಯಸ್ಸು ಹೆಣ್ಣಿಗೆ ಹದಿನೆಂಟಕ್ಕೆ, ಗಂಡಿಗೆ ಇಪ್ಪತ್ತೊಂದಕ್ಕೆ ಏರಿತು, 1994ರಲ್ಲಿ ಭ್ರೂಣಲಿಂಗ ಪತ್ತೆಯ ವಿರುದ್ಧ ಕಾಯ್ದೆಯಾಯಿತು. ಇವೆಲ್ಲ ಬೇಕಾಗಿದ್ದವು. ಎಂಟು ವರ್ಷದ ಹುಡುಗಿಗೆ ಬೇಡವೆನ್ನುವ ಬಾಯಿಲ್ಲ, ಹೊಟ್ಟೆಯೊಳಗಿನ ಹೆಣ್ಣು ಶಿಶುವಿಗೂ ಇಲ್ಲ; ಅವರ ಪರವಾಗಿ ಕಾನೂನು ಮಾತನಾಡಿತು. ಆದರೆ ಬೇಕು ಬೇಡಗಳನ್ನು ತಾನೇ ಹೇಳಬಲ್ಲ ವಯಸ್ಕರ ಬಾಯಿಯನ್ನೂ ಮುಚ್ಚಿಸಿ, ಅವರ ಪರವಾಗಿ ಸರ್ಕಾರವೇ ಮಾತನಾಡಲಿ ಎಂದು ನೀವು ಕೇಳುತ್ತಿದ್ದೀರಿ. ಅಲ್ಲಿಗೆ ನಾನು ನಿಮ್ಮ ಜೊತೆ ಬರಲಾರೆ. ಯಾಕೆಂದು ಹೇಳುವ ಮೊದಲು ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು.

1975ರಲ್ಲಿ ಕೆಲಸಕ್ಕೆ ಸೇರಿದ್ದಾಗಿ ಬರೆದಿದ್ದೀರಿ. ಹಾಗಾದರೆ ‘ಕೇಸು’ ಎಂಬ ಮಾತು ನಿಮಗೆ ಮರೆತಿರಲಾರದು. ನನ್ನ ತಂದೆಯೂ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು; ನಾನು ಆಗ ಏಳನೇ ತರಗತಿ. ತುರ್ತು ಪರಿಸ್ಥಿತಿಯಿದ್ದ 1976ರ ಮಳೆಗಾಲದಲ್ಲಿ ಅವರಿಗೆ ಎರಡು ಕೇಸು ತರಬೇಕೆಂಬ ಸೂಚನೆ ಬಂತು, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಬ್ಬರನ್ನು ಒಪ್ಪಿಸಿ ಕರೆತರಬೇಕು, ಇಲ್ಲವಾದರೆ ಸಂಬಳ ತಡೆಹಿಡಿಯಲಾಗುವುದು. ಊರಿನಲ್ಲಿ ಮುಖ ನೋಡಿ ಕೇಳುವಂತಹವರು ಯಾರೂ ಒಪ್ಪಲಿಲ್ಲ. ಒಂದು ಸಂಜೆ ಅಪ್ಪ ನನ್ನ ಕೈಗೆ ಟಾರ್ಚ್ ಕೊಟ್ಟು, ಪಕ್ಕದ ಕಾಫಿ ತೋಟದ ಆಳುಗಳ ಲೈನ್ ಮನೆಗಳ ಕಡೆಗೆ ಹೊರಟರು. ತೋಟದ ಲೆಕ್ಕ ಬರೆಯುವ ರೈಟರು ಮೊದಲೇ ಹೇಳಿಟ್ಟಿದ್ದರೆಂದು ಕಾಣುತ್ತದೆ, ಕೊನೆಯ ಮನೆಯ ಆಳು ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ಹೆಂಡತಿಯ ಸೊಂಟದಲ್ಲಿ ಎರಡು ವರ್ಷದ ಮಗುವಿತ್ತು. ಅವನಿಗೆ ಇದ್ದದ್ದು ಅದೊಂದೇ. ಟಾರ್ಚಿನ ಬೆಳಕಿನಲ್ಲಿ ಅಪ್ಪ ಅರ್ಜಿ ತುಂಬಿಸಿದರು. ಮಕ್ಕಳ ಸಂಖ್ಯೆ ಕೇಳುವ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ‘3’ ಎಂದು ಬರೆಯಿತು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅಪ್ಪನೂ ನೋಡಿದರು. ಹದಿನೈದು ದಿನ ಕಳೆದ ಮೇಲೆ ಆ ಮನುಷ್ಯ ನಮ್ಮ ಅಂಗಳಕ್ಕೆ ಬಂದು, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, “ಸಂಬಳ ಬಂತಾ ಮೇಷ್ಟ್ರೇ?” ಎಂದು ವಿಚಾರಿಸಿದ. ಅಪ್ಪ ಉತ್ತರ ಕೊಡದೆ ಒಳಗೆ ಹೋದರು. ತಾನು ಬರೆದ ಆ ಅಂಕಿಯ ಬಗ್ಗೆ ಅವರು ಸಾಯುವವರೆಗೂ ನನ್ನೊಡನೆ ಒಂದು ಮಾತೂ ಆಡಲಿಲ್ಲ.

1976-77ರ ಆ ಒಂದು ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಇಂತಹ ಶಸ್ತ್ರಚಿಕಿತ್ಸೆಗಳು ನಡೆದವು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಗಂಡಸರನ್ನು ಮುಟ್ಟಲು ಸರ್ಕಾರಗಳು ಹೆದರಿದವು. ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ 2014ರ ನವೆಂಬರಿನಲ್ಲಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳೊಳಗೆ 83 ಹೆಂಗಸರಿಗೆ ಆಪರೇಷನ್ ಮಾಡಿದರು, ಅವರಲ್ಲಿ 13 ಮಂದಿ ಸತ್ತರು. ಇಂತಹ ಶಿಬಿರಗಳನ್ನೇ ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಅದೇ ಸೀಮೆಯ ಬೈಗಾ ಮೊದಲಾದ ಬುಡಕಟ್ಟಿನ ಹೆಂಗಸರು ತಾವಾಗಿಯೇ ಆಪರೇಷನ್ ಕೇಳಿದರೂ ಮಾಡಬಾರದೆಂದು 1979ರಲ್ಲಿ ಸರ್ಕಾರಿ ಆದೇಶ ಹೊರಟಿತ್ತು. ಸಾಕಪ್ಪ ಸಾಕು ಎಂದು ಅಂಗಲಾಚಿದ ತಾಯಿಯನ್ನು ಹಿಂದಕ್ಕೆ ಕಳಿಸಿದರು, ಇನ್ನೂ ಮಕ್ಕಳು ಬೇಕೆಂದವನನ್ನು ಆಪರೇಷನ್ನಿಗೆ ಟ್ರಕ್ಕಿಗೆ ಹತ್ತಿಸಿದರು.

‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಶಾಲೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕದಲ್ಲಿ ಬರೆಸಿದ ಪೀಳಿಗೆ ನಿಮ್ಮದು. ಆ ಗೋಡೆಗೆ ಸುಣ್ಣ ಬಳಿದು ‘ಮೂರಿರಲಿ’ ಎಂದು ಬರೆಸಲು ಈಗ ಹೊರಟಿದ್ದೀರಿ. ನೀವೊಬ್ಬರೇ ಅಲ್ಲ. ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿಗೆ ನಿಲ್ಲಬಾರದೆಂದು 1994ರಲ್ಲಿ ಕಾನೂನು ಮಾಡಿದ್ದ ಆಂಧ್ರಪ್ರದೇಶ 2024ರಲ್ಲಿ ಅದನ್ನು ತೆಗೆದುಹಾಕಿತು, ಅಲ್ಲಿನ ಮುಖ್ಯಮಂತ್ರಿಗಳೇ ಹೆಚ್ಚು ಮಕ್ಕಳನ್ನು ಹೆರಿ ಎಂದು ಕರೆ ಕೊಟ್ಟರು. ಮೂವತ್ತು ವರ್ಷ ಆ ಕಾನೂನಿಗೆ ಅಂಜಿ ನಿಂತವರ ಬದುಕನ್ನು ಯಾರು ಹಿಂದಿರುಗಿಸುತ್ತಾರೆ? ಚೀನಾ ಒಂದೇ ಮಗು ಎಂದು ಮೂರೂವರೆ ದಶಕ ಜನರನ್ನು ಹಿಂಡಿ, 2016ರಲ್ಲಿ ಎರಡಕ್ಕೆ, 2021ರಲ್ಲಿ ಮೂರಕ್ಕೆ ಅನುಮತಿ ಕೊಟ್ಟಿತು, ಆದರೆ ಅಷ್ಟು ಹೊತ್ತಿಗೆ ಹೆರುವ ಮನಸ್ಸೇ ಜನರಲ್ಲಿ ಉಳಿದಿರಲಿಲ್ಲ.

ನಿಮ್ಮ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದ ದೇಶವೊಂದಿದೆ. ರುಮೇನಿಯಾದ ಸರ್ಕಾರ 1966ರಲ್ಲಿ, ನಾಲ್ಕು ಮಕ್ಕಳಾಗದ, ನಲವತ್ತೈದು ದಾಟದ ಹೆಂಗಸರಿಗೆ ಗರ್ಭಪಾತವನ್ನು ನಿಷೇಧಿಸಿತು. ಗರ್ಭನಿರೋಧಕಗಳು ಅಂಗಡಿಯಿಂದ ಮಾಯವಾದವು. ಮಕ್ಕಳಿಲ್ಲದವರ ಮೇಲೆ ತೆರಿಗೆ ಬಿತ್ತು. ಮರುವರ್ಷ ಹೆರಿಗೆಗಳು ಹೆಚ್ಚುಕಡಿಮೆ ಇಮ್ಮಡಿಯಾದವು, ನಾಯಕರು ಬೀಗಿದರು. ಕೆಲವೇ ವರ್ಷಗಳಲ್ಲಿ ಸಂಖ್ಯೆ ಮತ್ತೆ ಕುಸಿಯಿತು, ಕದ್ದುಮುಚ್ಚಿ ಮಾಡಿಸಿಕೊಂಡ ಗರ್ಭಪಾತಗಳಲ್ಲಿ ಸಾವಿರಾರು ಹೆಂಗಸರು ಸತ್ತರು, ಯಾರಿಗೂ ಬೇಡವಾದ ಮಕ್ಕಳಿಂದ ಅನಾಥಾಲಯಗಳು ತುಂಬಿದವು. 1989ರ ಡಿಸೆಂಬರಿನಲ್ಲಿ ಆ ಸರ್ಕಾರ ಉರುಳಿದಾಗ ಹೊಸಬರು ಮೊದಮೊದಲು ರದ್ದುಮಾಡಿದ ಆದೇಶಗಳಲ್ಲಿ ಇದೂ ಒಂದು. ನೀವು ಕೇಳಿರುವ ‘ಸೌಲಭ್ಯ ಕಡಿತ’ ಆ ತೆರಿಗೆಯ ತಮ್ಮನೇ ಅಲ್ಲವೇ, ಮೇಷ್ಟ್ರೇ?

ಈಗ ತಂದೆತಾಯಿಯರ ಸಹಿಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಇದು. ಬೇರೆ ಬೇರೆ ಜಾತಿ ಧರ್ಮದವರು ಮತ ಬದಲಿಸದೆ ಮದುವೆಯಾಗಲೆಂದು 1954ರಲ್ಲಿ ವಿಶೇಷ ವಿವಾಹ ಕಾಯ್ದೆ ಬಂತು. ಆದರೆ ಮೂವತ್ತು ದಿನ ಮುಂಚೆ ನೋಟಿಸ್ ಕೊಡಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕು ಎಂಬ ಮುಳ್ಳನ್ನು ಅದರೊಳಗೇ ಇಟ್ಟರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮ ಕಚೇರಿಗೆ ಒಂದು ಜೋಡಿ ಬಂತು. ಹುಡುಗಿ ನರ್ಸ್, ಹುಡುಗ ಮಾಂದಲ್‌ಪಟ್ಟಿಗೆ ಪ್ರವಾಸಿಗರ ಜೀಪು ಓಡಿಸುವವನು. ಮದುವೆ ನೋಂದಣಿ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಿದ್ದ ಅವರ ನೋಟಿಸಿನ ಫೋಟೊವನ್ನು ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಸಂಜೆಯೊಳಗೆ ಅದು ಎರಡೂ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತ್ತು. ಅಣ್ಣಂದಿರು ಅವಳ ಆಧಾರ್ ಕಾರ್ಡನ್ನೂ ಫೋನನ್ನೂ ಕಿತ್ತುಕೊಂಡಿದ್ದರು. ಕೊಟ್ಟ ಕಾಫಿಯನ್ನು ಮುಟ್ಟದೆ, ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪನ್ನು ಎಳೆಯುತ್ತ ಮುಚ್ಚುತ್ತ ಅವಳು ಕೇಳಿದ್ದು ಒಂದೇ: “ಇನ್ನೂ ಹತ್ತೊಂಬತ್ತು ದಿನ ಇದೆ ಸಾರ್, ಅಷ್ಟು ದಿನ ಎಲ್ಲಿರೋದು?”

ಹುಣಸೂರಿನ ಗೆಳತಿಯ ಮನೆಯಲ್ಲಿ ಆ ದಿನಗಳನ್ನು ಕಳೆದು ಅವರು ಮದುವೆಯಾದರು. ಕಳೆದ ವರ್ಷ ಬಾಣಂತನಕ್ಕೆ ಹುಡುಗಿಯ ತಾಯಿಯೇ ಬಂದು ಎರಡು ತಿಂಗಳಿದ್ದು, ಮಗುವಿಗೆ ಎಣ್ಣೆ ನೀರು ಹಾಕಿ ಹೋದರು. ಆ ತಾಯಿಯ ಒಪ್ಪಿಗೆ ಕಾಗದದ ಮೇಲೆ ಬರಲಿಲ್ಲ, ತನ್ನಷ್ಟಕ್ಕೆ ತಾನು ಮಾಗಿ ಬಂತು. ನಿಮ್ಮ ಕಾನೂನು ಅಂದು ಜಾರಿಯಲ್ಲಿದ್ದಿದ್ದರೆ ಆ ಮದುವೆಯೂ ಇಲ್ಲ, ಆ ಮಗುವೂ ಇಲ್ಲ. ಮಕ್ಕಳು ಕಡಿಮೆಯಾದರೆಂದು ಕೊರಗುವ ನೀವೇ ಮಕ್ಕಳು ಹುಟ್ಟುವ ಮನೆಗೆ ಬೀಗ ಹಾಕುತ್ತಿದ್ದೀರಿ. ಇಷ್ಟಪಟ್ಟವರನ್ನು ಮದುವೆಯಾಗುವುದು ಸಂವಿಧಾನದ 21ನೇ ವಿಧಿಯ ಹಕ್ಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ, ತಂದೆ ಒಪ್ಪದ ಮದುವೆಯಾದ ಕೇರಳದ ಯುವತಿ ಹಾದಿಯಾಳ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ 2025ರ ಜನವರಿಯಿಂದ ಉತ್ತರಾಖಂಡದಲ್ಲಿ ಮದುವೆಯಾಗದೆ ಒಟ್ಟಿಗೆ ಬಾಳುವವರು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು, ತಪ್ಪಿದರೆ ಜೈಲು, ಇಪ್ಪತ್ತೊಂದರೊಳಗಿನವರಾದರೆ ಹೆತ್ತವರಿಗೆ ಸುದ್ದಿ. ಯಾರ ಮನೆಯಲ್ಲಿ ಯಾರು ಮಲಗುತ್ತಾರೆಂಬುದು ಸರ್ಕಾರಿ ಕಡತವಾಗುವ ಕಾಲ ಬಂದಿದೆ.

ಇದೇ ಸರ್ಕಾರಗಳು, ಯಾವ ಪಕ್ಷದವೇ ಆಗಿರಲಿ, ತಾವು ಮಾಡಲೇಬೇಕಾದ ಕೆಲಸದ ಹೊತ್ತಿಗೆ ಎಲ್ಲಿರುತ್ತವೆ? ಭಾಗಮಂಡಲದ ಕಡೆಯ ನಮ್ಮ ನೆಂಟರ ಮನೆಯ ಸೊಸೆಗೆ ಆಗಸ್ಟಿನ ಮಳೆಯಲ್ಲಿ ನಡುರಾತ್ರಿ ನೋವು ಕಾಣಿಸಿಕೊಂಡಿತು. ಹತ್ತಿರದಲ್ಲಿ ತಜ್ಞ ವೈದ್ಯರಿರಲಿಲ್ಲ, ಮೈಸೂರಿಗೆ ಒಯ್ಯಿರಿ ಎಂದರು. ಮಡಿಕೇರಿಯಿಂದಲೇ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಈ ಜಿಲ್ಲೆಗೆ ರೈಲೂ ಇಲ್ಲ. ಬೈಲುಕುಪ್ಪೆ ದಾಟಿ ಪಿರಿಯಾಪಟ್ಟಣ ಸೇರುವ ಮೊದಲೇ, ಕುಲುಕುವ ಆಂಬುಲೆನ್ಸಿನಲ್ಲಿ ಅವಳು ಹೆತ್ತಳು. ಎರಡನೆಯದು ಬೇಡವೇನಮ್ಮ ಎಂದು ಅತ್ತೆ ಕೇಳಿದಾಗ, “ಆ ದಾರಿಯಲ್ಲಿ ಇನ್ನೊಂದು ಸಲ ಹೋಗಲಾರೆ ಅತ್ತೆ” ಎಂದಳಂತೆ. ಅವಳಿಗೆ ಬಡ್ತಿಯ ಆಸೆ ತೋರಿಸುತ್ತೀರಾ? ಹೆರಿಗೆ ರಜೆಯ ಕಾನೂನನ್ನೇ ನೋಡಿ: 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಕೊಟ್ಟು, ಮೂರನೆಯದಕ್ಕೆ 12 ವಾರವನ್ನಷ್ಟೇ ಉಳಿಸಿತು. ಹೆರಿಗೆ ವಾರ್ಡಿಗೆ ವೈದ್ಯರನ್ನು ಕೊಡಿ, ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಕೊಡಿ, ಮಕ್ಕಳಿಲ್ಲವೆಂದು ಊರಿನ ಶಾಲೆಗೆ ಬೀಗ ಹಾಕಬೇಡಿ, ಆನೆ ತುಳಿಯದ ದಾರಿಯಲ್ಲಿ ಮಗು ಶಾಲೆಗೆ ಹೋಗುವಂತೆ ಮಾಡಿ ಎಂಬ ಮನವಿಯನ್ನು ತನ್ನಿ, ಮುಖಪುಟದಲ್ಲಿಯೇ ಅಚ್ಚುಹಾಕಿ ಮೊದಲ ಸಹಿಯನ್ನು ನಾನು ಹಾಕುತ್ತೇನೆ.

ಕೊಡವರಲ್ಲಿ ಹಿಂದೆ ಹುಲಿ ಹೊಡೆದವನಿಗೆ ನರಿ ಮಂಗಲವೆಂಬ ಗೌರವದ ಸಮಾರಂಭ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದಂತೆ, ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಮಂಗಲ ಮಾಡುತ್ತಿದ್ದರೆಂದು ನೀವು ಅಭಿಮಾನದಿಂದ ನೆನಪಿಸಿದ್ದೀರಿ. ನಾನೂ ಅದನ್ನು ಗೌರವಿಸುತ್ತೇನೆ. ಆದರೆ ಆ ಗೌರವ ಹೆತ್ತಾದ ಮೇಲೆ ತನ್ನವರಿಂದ ಬರುತ್ತಿತ್ತು, ಹೆರದವಳಿಗೆ ದಂಡವಿರಲಿಲ್ಲ. ಮೂರನೆಯ ಮಗುವಿನ ಚೆಕ್ಕಿಗೆ ಅರ್ಜಿ ತುಂಬಿಸುವ ಗುಮಾಸ್ತನನ್ನು ಆ ಮಂಗಲದ ಪಕ್ಕದಲ್ಲಿ ಕೂರಿಸಬೇಡಿ.

ನಿಮ್ಮ ಮನವಿಪತ್ರವನ್ನು ನಾನು ಪ್ರಕಟಿಸುವುದಿಲ್ಲ. ಪತ್ರವನ್ನು ಮಾತ್ರ ಹುತ್ತರಿ ಸಂಚಿಕೆಯಲ್ಲಿ ಒಂದಕ್ಷರವನ್ನೂ ಬಿಡದೆ ಹಾಕುತ್ತೇನೆ. ಏಳು ಪುಟಗಳಲ್ಲಿ ನಿಮ್ಮ ಮೊಮ್ಮಗಳ ಹೆಸರು ಐದು ಕಡೆ ಬಂದಿದೆ, ಅವರಾಡಿದ ಮಾತು ಒಂದೂ ಇಲ್ಲ. ಅಚ್ಚಿನಲ್ಲಿ ಆ ಹೆಸರನ್ನು ಉಳಿಸಬೇಕೋ ತೆಗೆಯಬೇಕೋ ಎಂಬುದನ್ನು ಅವರನ್ನೇ ಕೇಳಿ ತಿಳಿಸಿ. ಅವರಿಗೂ ಬರೆಯಬೇಕೆನಿಸಿದರೆ ನಿಮ್ಮ ಪತ್ರದ ಎದುರಿನ ಪುಟವನ್ನು ಖಾಲಿ ಇಟ್ಟಿರುತ್ತೇನೆ. ಬರಹ ಈ ತಿಂಗಳ ಇಪ್ಪತ್ತರೊಳಗೆ ತಲುಪಿದರೆ ಸಾಕು.

ನಿಮ್ಮ ವಿಶ್ವಾಸಿ,
ಸಂಪಾದಕ