ನೀರಿನ ಮಾತ್ರೆ ನುಂಗುವವರಿಗೆ ಎಳನೀರು ಕೊಡಬಹುದೇ?

ಪ್ರಶ್ನೆ: ತಾಯಿಗೆ 66 ವರ್ಷ. ಹೃದಯದ ತೊಂದರೆಯಿಂದ ಕಾಲು ಊದಿಕೊಂಡಿದ್ದಕ್ಕೆ ಫ್ಯೂರೋಸೆಮೈಡ್ 40 ಮಿ.ಗ್ರಾಂ., ಅಮಿಲೋರೈಡ್ 5 ಮಿ.ಗ್ರಾಂ. ಸೇರಿದ ಮಾತ್ರೆ ಬೆಳಿಗ್ಗೆ ಒಂದು ಕೊಡುತ್ತಿದ್ದೇವೆ. ಬಿ.ಪಿ.ಗೆ ರಾಮಿಪ್ರಿಲ್ ಇದೆ. ಪೊಟ್ಯಾಶಿಯಂ ಇಳಿಯದಂತೆ ದಿನಾ ಎಳನೀರು ಕುಡಿಸಿ ಅಂತಾರೆ ನೆಂಟರು. ಸರಿಯೇ?

ಉತ್ತರ: ಬೇಡ. ಫ್ಯೂರೋಸೆಮೈಡ್ ಒಂದನ್ನೇ ನುಂಗುವವರಲ್ಲಿ ಪೊಟ್ಯಾಶಿಯಂ ಇಳಿಯುವುದು ನಿಜ. ಆ ನಷ್ಟ ತಡೆಯಲೆಂದೇ ಅಮಿಲೋರೈಡ್ ಸೇರಿಸಿರುತ್ತಾರೆ.

ಕಿಡ್ನಿಯ ಕೊನೆಯ ನಾಳಗಳ ಒಳಪದರದ ಜೀವಕೋಶಗಳಲ್ಲಿ ಸೋಡಿಯಂ ಒಳಬರುವ ಕಿಂಡಿಗಳಿವೆ. ಸೋಡಿಯಂ ಒಳಗೆ ಹೋದಂತೆಲ್ಲ ನಾಳದಲ್ಲಿ ಋಣ ವಿದ್ಯುದಂಶ ಉಳಿದು, ಅದರ ಸೆಳೆತಕ್ಕೆ ಪೊಟ್ಯಾಶಿಯಂ ಮೂತ್ರಕ್ಕೆ ಇಳಿಯುತ್ತದೆ. ಅಮಿಲೋರೈಡ್ ಆ ಕಿಂಡಿಯನ್ನೇ ಮುಚ್ಚುತ್ತದೆ. ಅಲ್ಲಿ ಹೀರಲ್ಪಡುವ ಸೋಡಿಯಂ ಸ್ವಲ್ಪವೇ ಆದ್ದರಿಂದ ಬಾವು ಇಳಿಸುವುದರಲ್ಲಿ ಇದು ದುರ್ಬಲ. ಪೊಟ್ಯಾಶಿಯಂ ಹಿಡಿದಿಡುವುದರಲ್ಲಿ ಗಟ್ಟಿ. ರಾಮಿಪ್ರಿಲ್ ಕೂಡ ಪೊಟ್ಯಾಶಿಯಂ ಏರಿಸುವಂಥದ್ದೇ. ಇವೆರಡರ ಮೇಲೆ ದಿನಾ ಎಳನೀರು ಸೇರಿದರೆ, ಅದೂ ಈ ವಯಸ್ಸಿನ ಕಿಡ್ನಿಗೆ, ಅಪಾಯ.

ಎಳನೀರಿಗಿಂತ ನನಗೆ ಹೆಚ್ಚು ಭಯ ‘ಲೋ ಸೋಡಿಯಂ’ ಉಪ್ಪಿನದು. ಬಿ.ಪಿ.ಗೆ ಒಳ್ಳೆಯದೆಂದು ತರುತ್ತಾರೆ. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಹಾಕಿರುವುದು ಪೊಟ್ಯಾಶಿಯಂ ಕ್ಲೋರೈಡ್. ಸಾಮಾನ್ಯ ಉಪ್ಪನ್ನೇ ಕಡಿಮೆ ಬಳಸಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂಗಡಿಯಿಂದ ತಂದು ನುಂಗಿಸಬೇಡಿ, ಅವೂ ಪೊಟ್ಯಾಶಿಯಂ ಏರಿಸುವಂಥವೇ. ಮೂತ್ರದ ಸೋಂಕಿಗೆ ಕೋಟ್ರೈಮಾಕ್ಸಜೋಲ್ ಬರೆದರೆ ಈಗಿನ ಮಾತ್ರೆ ತೋರಿಸಿ: ಅದರಲ್ಲಿರುವ ಟ್ರೈಮೆಥೋಪ್ರಿಮ್ ಇದೇ ಕಿಂಡಿಯನ್ನು ಮುಚ್ಚುತ್ತದೆ.

ಪೊಟ್ಯಾಶಿಯಂ ಏರಿದ್ದು ಮೈಗೆ ಗೊತ್ತಾಗದೆಯೂ ಇರಬಹುದು. ಮಾತ್ರೆ ಶುರುವಾದ ಅಥವಾ ಪ್ರಮಾಣ ಬದಲಾದ ಒಂದೆರಡು ವಾರದೊಳಗೆ ಪೊಟ್ಯಾಶಿಯಂ ಮತ್ತು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಪೊಟ್ಯಾಶಿಯಂ 3.5ರಿಂದ 5 ಸರಿ, 5.5 ದಾಟಿದರೆ ಅಂದೇ ವೈದ್ಯರಿಗೆ ತಿಳಿಸಿ. ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಗಿದು ಬಿಟ್ಟರೆ ಅಂಕಿ ಸುಳ್ಳಾಗಿ ಏರುತ್ತದೆ. ವಾಂತಿ ಭೇದಿಯಾದ ದಿನ ಮುಂದಿನ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ ಕೇಳಿ, ಅಮಿಲೋರೈಡ್ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯಿಂದಲೇ, ಮೈಯ ನೀರು ಬತ್ತಿ ಕಿಡ್ನಿ ಸೋತರೆ ಅದು ಒಳಗೇ ಉಳಿಯುತ್ತದೆ. ಕೈಕಾಲು ಸೋತಂತಾದರೆ, ಎದೆಬಡಿತ ತಪ್ಪಿದರೆ ಕಾಯದೆ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಿ.

ಪ್ರಶ್ನೆ: ಸ್ಪೈರೊನೊಲ್ಯಾಕ್ಟೋನ್‌ನಿಂದ ಎದೆ ಊದಿ ನೋಯುತ್ತಿದೆ. ವೈದ್ಯರು ಅಮಿಲೋರೈಡ್‌ಗೆ ಬದಲಿಸಿದ್ದಾರೆ. ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಮೊದಲನೆಯದು ಆಲ್ಡೋಸ್ಟೆರೋನ್ ಹಾರ್ಮೋನನ್ನು ತಡೆಯುತ್ತದೆ, ಗಂಡಸರ ಹಾರ್ಮೋನಿಗೂ ಅಡ್ಡ ಬರುತ್ತದೆ, ನೋವು ಅದರಿಂದ. ಅಮಿಲೋರೈಡ್ ಹಾರ್ಮೋನಿನ ತಂಟೆಗೆ ಹೋಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾತ್ರ ನುಂಗಬೇಡಿ. ಹಳೆಯದು ನಿಲ್ಲಿಸಿದ್ದಾರೆಯೇ ಎಂದು ಚೀಟಿ ನೋಡಿ ಖಚಿತ ಮಾಡಿಕೊಳ್ಳಿ.